ಇನಿಶ್‌ಗಾರ್ವದ ಒಂಬತ್ತು ಕಲ್ಲುಗಳು

"ಮಠ ನೋಡು, ಗೋಡೆ ನೋಡು, ಬೇಕಾದ್ರೆ ದಿನವಿಡೀ ಅಲ್ಲೇ ಕೂತು ಅತ್ತು ಬಾ. ಆದ್ರೆ ಪೀಠದ ಮೇಲಿರೋ ಆ ಕಲ್ಲುಗಳಿಗೆ ಮಾತ್ರ ಕೈ ಹಾಕ್ಬೇಡ ಮಗಳೇ," ಎಂದಳು ಹನೋರಾ, ಒಲೆಗೆ ಒಣಗಿದ ಜವುಗುಮಣ್ಣಿನ ಇನ್ನೊಂದು ಹೆಂಟೆ ತುರುಕುತ್ತ.

ಡೆರ್ವ್ಲಾ ತಲೆಯೆತ್ತಲಿಲ್ಲ. ಮುದುಕಿಯ ಅಡುಗೆಮನೆಯ ಮೇಜಿನ ತುಂಬ ಅವಳು ಉಬ್ಬರವಿಳಿತದ ಪಟ್ಟಿ ಹರಡಿಕೊಂಡಿದ್ದಳು. ಯಾವ ದಿನ ಗಾಳಿ ತೆಂಕಲಿಂದ ಬೀಸುತ್ತದೆ, ಯಾವ ಹೊತ್ತಿಗೆ ನೀರು ತಗ್ಗಿ, ದೋಣಿಯಿಂದ ಕಾಲಿಡುವ ಬಂಡೆ ಮೇಲೇಳುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಇನಿಶ್‌ಗಾರ್ವ ದ್ವೀಪಕ್ಕೆ ದೋಣಿಕಟ್ಟೆಯಿಲ್ಲ. ತೆರೆ ದೋಣಿಯನ್ನು ಎತ್ತಿದ ಕ್ಷಣದಲ್ಲಿ ಬಂಡೆಗೆ ಹಾರಿಕೊಳ್ಳಬೇಕು. ತಿಂಗಳಿಗೆ ನಾಲ್ಕು ದಿನ ಹಾಗೆ ಹಾರಲು ಸಿಕ್ಕಿದರೆ ಹೆಚ್ಚು.

"ಮುಟ್ಟಿದ್ರೆ ಏನಾಗುತ್ತೆ? ಕಪ್ಪೆ ಆಗ್ಬಿಡ್ತೀನಾ?"

"ನಗಬೇಡ. ಒಂಬತ್ತು ಕಲ್ಲಿದಾವೆ. ಸೂರ್ಯ ಸುತ್ತೋ ದಾರಿಗೆ ಎದುರಾಗಿ, ಎಡಕ್ಕೆ ತಿರುಗಿಸ್ತಾ ಒಬ್ಬರ ಹೆಸರು ಹೇಳಿದ್ರೆ ಶಾಪ ಹೊರಡುತ್ತೆ. ಅವರು ತಪ್ಪು ಮಾಡಿದ್ರೆ ಅವರ ಮನೆಗೆ ಹೋಗುತ್ತೆ. ಮಾಡದೇ ಇದ್ರೆ..." ಹನೋರಾ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. "ಹಾಕಿದವರ ಮನೆಗೇ ವಾಪಸ್ ಬರುತ್ತೆ."

"ಹನ್ನೆರಡು ವರ್ಷದಿಂದ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡ್ತಿದೀನಿ ಹನೋರಾ. ಕಲ್ಲು ಅಂದ್ರೆ ಕಲ್ಲು. ಮರಳು, ಸುಣ್ಣ. ನನಗೆ ಇಂಥದ್ರಲ್ಲೆಲ್ಲ ನಂಬಿಕೆ ಇಲ್ಲ."

"ಕಲ್ಲಿಗೂ ನಿನ್ನ ನಂಬಿಕೆ ಬೇಕಾಗಿಲ್ಲ ಕಣೇ," ಎಂದು ಮುದುಕಿ ಬೆನ್ನು ತಿರುಗಿಸಿದಳು.

ಡೆರ್ವ್ಲಾ ಡಬ್ಲಿನ್ನಿನವಳು. ಈ ಕಡಲಂಚಿನ ಊರಿಗೆ ಬಂದು ಎರಡು ವಾರವಾಗಿತ್ತು. ಹನೋರಾಳ ಮಾಳಿಗೆಯ ಕೋಣೆಯಲ್ಲಿ ಅವಳೂ ಏಳು ವರ್ಷದ ಮಗಳು ಉನಾಳೂ ಇಳಿದುಕೊಂಡಿದ್ದರು. ಗಂಡ ಫಿಂಟನ್ ಕಲ್ಲುಕುಟಿಗ. ಸಾವಿರ ವರ್ಷದ ಹಿಂದೆ ಸನ್ಯಾಸಿಗಳು ಕಟ್ಟಿ, ಕಡಲ್ಗಳ್ಳರು ಸುಟ್ಟು, ಗಾಳಿ ತಿಂದು ಉಳಿಸಿದ ಆ ಮಠದ ಗೋಡೆಗಳನ್ನು ಸರಿಮಾಡುವ ಕೆಲಸಕ್ಕೆ ಬಂದಿದ್ದ. ಎರಡು ವರ್ಷದ ಹಿಂದೆ, ಇದೇ ಜೂನ್ ತಿಂಗಳ ಒಂದು ಮಧ್ಯಾಹ್ನ, ಜೊತೆಗಾರ ಮಾಲಕಿ ಡೆವೀನ್ ದ್ವೀಪದಿಂದ ಒಬ್ಬನೇ ಮರಳಿದ. ಫಿಂಟನ್ನನ ದೇಹ ಹನ್ನೊಂದು ದಿನದ ಮೇಲೆ ದಡ ಸೇರಿತು. ವಿಚಾರಣೆಯಲ್ಲಿ ಮಾಲಕಿ ಹೇಳಿದ್ದು ಮೂರೇ ಮಾತು: "ತೆರೆ ಎದ್ದಿತು. ಬಿದ್ದ. ಹಿಡಿಯೋಕೆ ಆಗಲಿಲ್ಲ." ಮೂರು ಮಾತಿನಲ್ಲಿ ಮುಗಿದುಹೋದ ಗಂಡ ಅವಳ ಎದೆಯಲ್ಲಿ ಮುಗಿದಿರಲಿಲ್ಲ. ಅವನು ಕೊನೆಯದಾಗಿ ಕಾಲೂರಿದ ಜಾಗ ಒಮ್ಮೆ ನೋಡಬೇಕು, ಮಗಳಿಗೆ ತೋರಿಸಬೇಕು ಎಂದು ಚಳಿಗಾಲವಿಡೀ ಲೆಕ್ಕ ಹಾಕಿ ಬಂದಿದ್ದಳು.

ಮಾಲಕಿ ಇನ್ನೂ ಊರಲ್ಲೇ ಇದ್ದ. ಐವತ್ತು ದಾಟಿದ ಒಂಟಿ ಮನುಷ್ಯ. ದೋಣಿಗಳು ನಿಲ್ಲುವ ಧಕ್ಕೆಯ ಕೊನೆಯ ಮನೆ, ಜೊತೆಗೊಂದು ಬೂದು ನಾಯಿ. ಎದುರು ಸಿಕ್ಕಾಗಲೆಲ್ಲ ಎಡಗೈಯಿಂದ ಟೋಪಿ ಎತ್ತುತ್ತಿದ್ದ, ಬಲಗೈಯನ್ನು ಕೋಟಿನ ಜೇಬಿನಿಂದ ತೆಗೆಯುತ್ತಿರಲಿಲ್ಲ. ಆ ಜೇಬನ್ನು ಕಂಡರೆ ಡೆರ್ವ್ಲಾ, ನನ್ನ ಗಂಡನಿಗೆ ಚಾಚದ ಕೈ, ಎಂದುಕೊಂಡು ಮುಖ ತಿರುಗಿಸುತ್ತಿದ್ದಳು.

ಗುರುವಾರ ಬೆಳಿಗ್ಗೆ ಕಡಲು ಒಪ್ಪಿತು. ಆದರೆ ಅರ್ಧ ಮಾತ್ರ. ಹನೋರಾಳ ತಮ್ಮ ಟೋಮಸ್ ತೆರೆಯನ್ನು ನೋಡಿ, "ದೊಡ್ಡೋರು ಹಾರಬಹುದು, ಮಗೂನ ಕರ್ಕೊಂಡ್ ಹೋಗೋಕಾಗಲ್ಲ" ಎಂದುಬಿಟ್ಟ.

"ನಾನೂ ಬರ್ತೀನಿ ಅಮ್ಮಾ! ಹೇಳಿದ್ದೆ ನೀನು!" ಉನಾ ಅವಳ ಸೊಂಟಕ್ಕೆ ಜೋತುಬಿದ್ದಳು.

"ಮುಂದಿನ ಸಲ ಬಂಗಾರ. ಇಲ್ಲೇ ಧಕ್ಕೆ ಮೇಲೆ ಕೂತಿರು. ಸಂಜೆ ಒಳಗೆ ಬಂದ್ಬಿಡ್ತೀನಿ."

ಟೋಮಸ್ ಅವಳನ್ನು ಬಂಡೆಗೆ ಹಾರಿಸಿ, ದೋಣಿಯನ್ನು ಆಚೆ ನಿಲ್ಲಿಸಿಕೊಂಡು ಕಾದ. ಅವಳು ಒಬ್ಬಳೇ ಹತ್ತಿದಳು. ಹಕ್ಕಿಗಳ ಹಿಕ್ಕೆಯ ಕಟುವಾಸನೆ, ಕೊಳೆತ ಕಡಲ ಸೊಪ್ಪು, ಉಪ್ಪು. ಮಠದ ಸುತ್ತುಗೋಡೆಯ ತಗ್ಗು ಬಾಗಿಲಲ್ಲಿ ಬಾಗಿ ಒಳಹೊಕ್ಕಾಗ ಗಾಳಿ ಒಮ್ಮೆಲೇ ನಿಂತಿತು. ಜೇನುಗೂಡಿನಂಥ ಕಲ್ಲುಗುಡಿಸಲುಗಳು, ಚಾವಣಿಯಿಲ್ಲದ ಪ್ರಾರ್ಥನಾಮಂದಿರ. ಗೋಡೆಯ ಒಂದು ಭಾಗದಲ್ಲಿ ಹೊಸ ಗಾರೆ ಇನ್ನೂ ಬಿಳಿಯಾಗಿತ್ತು. ಅದು ಫಿಂಟನ್ನನ ಕೆಲಸ. ಗಾರೆಯಲ್ಲಿ ಅವನ ಹೆಬ್ಬೆರಳಿನ ಗುರುತು ಉಳಿದಿತ್ತು. ತನ್ನ ಹೆಬ್ಬೆರಳನ್ನು ಅದರೊಳಗಿಟ್ಟಳು. ಎರಡು ವರ್ಷ ಕಟ್ಟಿಕೊಂಡಿದ್ದ ಅಳು ಆಗ ಒಡೆಯಿತು.

ಅತ್ತು ಮುಗಿದ ಮೇಲೆ ಉಳಿದದ್ದು ಕೋಪ.

ಮಂದಿರದ ಮೂಲೆಯಲ್ಲಿ ಮೊಣಕಾಲೆತ್ತರದ ಕಲ್ಲಿನ ಪೀಠ. ಅದರ ಮೇಲೆ ಸಾಲಾಗಿ ಒಂಬತ್ತು ಕಲ್ಲುಗಳು, ಒಂದೊಂದೂ ಹಸುಗೂಸಿನ ತಲೆಯಷ್ಟು. ಡೆರ್ವ್ಲಾ ಮೂಗು ಒರೆಸಿಕೊಂಡು ನಕ್ಕಳು. "ಬನ್ನಿ, ನೋಡೇಬಿಡೋಣ ನಿಮ್ಮ ಪ್ರತಾಪ," ಎಂದು ಗಟ್ಟಿಯಾಗಿ ಹೇಳಿದಳು. ಆಟಕ್ಕೆಂದೇ ಶುರುಮಾಡಿದ್ದು. ಮೊದಲ ಕಲ್ಲನ್ನು ಎಡಕ್ಕೆ ತಿರುಗಿಸಿದಾಗ ಅದು ಗರ್ ಎಂದಿತು, ಬೀಸುಕಲ್ಲಿನ ಹಾಗೆ. ಎರಡನೆಯದು. ಮೂರನೆಯದಕ್ಕೆ ಬರುವ ಹೊತ್ತಿಗೆ ನಗು ಹೋಗಿತ್ತು. ಹಲ್ಲು ಕಚ್ಚಿಕೊಂಡು, ಕಣ್ಣೀರು ಸುರಿಸುತ್ತ, ಪ್ರತಿ ಕಲ್ಲಿಗೂ ಒಂದೇ ಮಾತನ್ನು ಹೇಳುತ್ತ ಹೋದಳು.

"ಮಾಲಕಿ ಡೆವೀನ್. ಅವನ ಸ್ವಂತದವರಿಗೆ ಅವನ ಗುರುತು ಸಿಗದಿರಲಿ. ಪ್ರೀತಿಸಿದವರೇ ಅವನನ್ನು ಯಾರು ಅಂತ ಕೇಳಲಿ."

ಒಂಬತ್ತನೆಯ ಕಲ್ಲು ಅಡಿಯಲ್ಲಿ ಬೆಚ್ಚಗಿತ್ತು.

ಕೈ ಹಿಂದಕ್ಕೆಳೆದುಕೊಂಡಳು. ಬಿಸಿಲಿಲ್ಲದ ಮೂಲೆ. ತಂಪು ನೆಲ. ಆದರೂ ಕಲ್ಲು ಬೆಚ್ಚಗಿತ್ತು, ಈಗತಾನೆ ಯಾರೋ ಮಲಗಿ ಎದ್ದುಹೋದ ಹಾಸಿಗೆಯಂತೆ. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಇಷ್ಟೊತ್ತೂ ಕಿರುಚುತ್ತಿದ್ದ ಕಡಲಹಕ್ಕಿಗಳು ಒಂದೂ ಕೂಗುತ್ತಿರಲಿಲ್ಲ. ಒದ್ದೆ ಕೂದಲಿನ ವಾಸನೆ ಬಂತು. ಅವಳು ಓಡಿಬಂದು ದೋಣಿಗೆ ಹಾರಿದಾಗ ಟೋಮಸ್, "ಯಾಕಮ್ಮಾ, ಮುಖ ಸುಣ್ಣ ಆಗಿದೆ?" ಎಂದ. "ಚಳಿ," ಎಂದಳು.

ಸಂಜೆ ಧಕ್ಕೆಯಲ್ಲಿ ಉನಾ ಕಾದು ಕೂತಿದ್ದಳು. ಆಚೆ ಮಾಲಕಿಯ ನಾಯಿ ಬಾಲವಾಡಿಸುತ್ತ ಅವನ ಮೈಮೇಲೆ ಎಗರಾಡುತ್ತಿತ್ತು. ನಾಯಿಗೇ ಗುರುತು ಸಿಕ್ತಲ್ಲ, ಎಂದು ಡೆರ್ವ್ಲಾ ತನಗೆ ತಾನೇ ನಕ್ಕಳು.

ಮರುದಿನ ಬೆಳಿಗ್ಗೆ ಡಬ್ಲಿನ್ನಿಗೆ ಫೋನು ಮಾಡಿದಳು. ಅವಳ ತಾಯಿ ಎತ್ತಿಕೊಂಡಳು.

"ಅಮ್ಮಾ, ನಾನು. ಹೋಗಿಬಂದೆ."

ಆಚೆಯಿಂದ ಎಚ್ಚರಿಕೆಯ ದನಿ: "ಯಾರಮ್ಮ ನೀನು?"

"ನಾನಮ್ಮಾ, ಡೆರ್ವ್ಲಾ!"

"ಡೆರ್ವ್ಲಾ ದನಿ ನನಗೆ ಗೊತ್ತಿಲ್ವಾ? ಇದು ನನ್ನ ಮಗಳ ನಂಬರು. ಅವಳ ಫೋನು ನಿನ್ನ ಕೈಗೆ ಹೇಗೆ ಬಂತು?" ದನಿ ನಡುಗತೊಡಗಿತು. "ಏನು ಮಾಡಿದೆ ಅವಳನ್ನ? ನನ್ನ ಮಗಳೆಲ್ಲಿ?"

ವಯಸ್ಸಾಯಿತು, ಮರೆವು ಎಂದು ಡೆರ್ವ್ಲಾ ಸಮಾಧಾನ ಮಾಡಿಕೊಂಡಳು. ಎರಡನೆಯ ದಿನ ಅಕ್ಕ ಹಾಗೆಯೇ ಕೇಳಿದಳು. ಅಕ್ಕನಿಗೆ ನಲವತ್ತೂ ಆಗಿರಲಿಲ್ಲ. ವಿಡಿಯೋದಲ್ಲಿ ತಂಗಿಯ ಮುಖವನ್ನು ನೇರ ನೋಡುತ್ತ, ನೀನು ಅವಳಲ್ಲ ಎಂದು ಚೀರಿ ಫೋನಿಟ್ಟಳು. ಮೂರನೆಯ ದಿನ ಶಾಲೆಯ ಗೆಳತಿ. ನಾಲ್ಕನೆಯ ದಿನ ಬಾಲ್ಯದ ಗೆಳತಿ. ಐದನೆಯ ದಿನ ಬೆಳಿಗ್ಗೆ ಮನೆಯೊಳಗೆ ಬಂದ ಟೋಮಸ್, ಚಹಾ ಕುಡಿಯುತ್ತಿದ್ದ ಅವಳನ್ನು ಕಂಡು ಹನೋರಾಳತ್ತ ತಿರುಗಿದ. "ಹೊಸಬರು ಬಂದಿದಾರೇನೇ? ಆ ಡಬ್ಲಿನ್ ಹುಡುಗಿ ಎಲ್ಲಿ, ಉನಾಳ ಅಮ್ಮ?"

ಹನೋರಾ ತಮ್ಮನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಮುಟ್ಟಿದ್ಯಾ?"

ಡೆರ್ವ್ಲಾ ಹೌದೆಂದು ತಲೆಯಾಡಿಸಿದಳು.

"ಯಾರ ಹೆಸರು ಹೇಳಿದೆ?"

"ಮಾಲಕಿ."

"ಅಯ್ಯೋ ಪಾಪಿ," ಎಂದು ಮುದುಕಿ ಕುಸಿದು ಕೂತಳು. "ಊರಲ್ಲಿ ಬೇರೆ ಯಾರ ಹೆಸರಾದ್ರೂ ಹೇಳಬಾರದಿತ್ತಾ? ಆ ಮನುಷ್ಯ ಇರುವೆನೂ ತುಳಿದವನಲ್ಲ. ಕಲ್ಲಿಗೊಂದು ದಿನ, ದಿನಕ್ಕೊಬ್ಬರು. ಐದಾಯ್ತು. ಕಟ್ಟಕಡೆಗೆ, ಒಂಬತ್ತನೇ ದಿನ ಸೂರ್ಯ ಮುಳುಗಿದಾಗ, ಹೋಗೋದು ಎಲ್ಲರಿಗಿಂತ ಹತ್ತಿರದವರು."

ಹೊರಗೆ ಅಂಗಳದಲ್ಲಿ ಉನಾ ಹಾಡುತ್ತ ಕಪ್ಪೆಚಿಪ್ಪು ಜೋಡಿಸುತ್ತಿದ್ದಳು.

"ಬಿಡಿಸೋಕೆ ದಾರಿ ಇಲ್ವಾ? ಹೇಳಿ ಹನೋರಾ, ನಿಮ್ಮ ಕಾಲು ಹಿಡೀತೀನಿ."

"ಒಂದೇ ದಾರಿ. ಶಾಪ ಯಾರ ಮೇಲೆ ಹಾಕಿದ್ಯೋ ಅವನೇ ಮನಸಾರೆ ಬರಬೇಕು. ಒಂಬತ್ತನೇ ದಿನ ಸೂರ್ಯ ಮುಳುಗೋದರೊಳಗೆ ಅವನ ಕೈಯಿಂದಲೇ ಒಂಬತ್ತೂ ಕಲ್ಲು ಬಲಕ್ಕೆ ತಿರುಗಬೇಕು. ಎಷ್ಟು ತಿರುಗ್ತಾವೋ ಅಷ್ಟು ಜನ ವಾಪಸ್ ಸಿಗ್ತಾರೆ. ಆದ್ರೆ ಕೇಳಿಸ್ಕೋ. ಶಾಪ ಹಾಕಿದ ಕೈ ಮತ್ತೆ ಆ ಕಲ್ಲಿಗೆ ತಾಗಬಾರದು. ತಾಗಿತೋ, ಆ ಕಲ್ಲು ಇನ್ನು ಯಾವತ್ತೂ ತಿರುಗಲ್ಲ."

ಎರಡು ವಾರ ಮುಖ ತಿರುಗಿಸಿದ ಬಾಗಿಲಿಗೆ ಡೆರ್ವ್ಲಾ ಅವತ್ತು ಹೋಗಿ ನಿಂತಳು. ಮಾಲಕಿ ಅವಳ ಮಾತನ್ನು ಕೊನೆಯವರೆಗೂ ಕೇಳಿದ. ಅವನಿಗೆ ಅವಳ ಗುರುತು ಚೆನ್ನಾಗಿಯೇ ಇತ್ತು. ಸಿಟ್ಟಾಗಲಿಲ್ಲ. ಜೇಬಿನಿಂದ ಬಲಗೈ ತೆಗೆದು ಮೇಜಿನ ಮೇಲಿಟ್ಟ. ಮೂರು ಬೆರಳಿರಲಿಲ್ಲ. ಉಳಿದದ್ದು ಬೇರಿನಂತೆ ಸೊಟ್ಟಗಾಗಿತ್ತು.

"ಹಿಡಿದಿದ್ದೆ ಕಣಮ್ಮಾ," ಎಂದ. "ದೋಣಿ ಬಂಡೆಗೆ ಬಡಿಯಿತು. ಮಧ್ಯೆ ಈ ಕೈ ಇತ್ತು. ಎರಡು ಸಲ ಬಡೀತು. ಬಿಡ್ಲಿಲ್ಲ. ಮೂರನೇ ಸಲ ಅವನೇ ನನ್ನ ಬೆರಳು ಬಿಡಿಸಿದ. ನೀನೂ ಸಾಯ್ತೀಯ, ಬಿಡೋ ಅಂದ."

"ಇದನ್ನ ಯಾಕೆ ಹೇಳ್ಲಿಲ್ಲ? ಎರಡು ವರ್ಷ..."

"ಹೇಳಿದ್ರೆ ಎಲ್ಲಾ ಹೇಳ್ಬೇಕಿತ್ತು. ಮೊದಲು ಇಬ್ಬರೂ ದೋಣಿ ಹತ್ತಿಯಾಗಿತ್ತು. ಆಮೇಲೆ ಅವನು ವಾಪಸ್ ಓಡಿದ. ಮಗಳ ಹುಟ್ಟಿದಬ್ಬಕ್ಕೆ ಅಂತ ಕಲ್ಲಿನ ಪುಟ್ಟ ಹಕ್ಕಿ ಕೆತ್ತಿದ್ದ. ಮರೆತು ಬಂದಿದ್ದ. ನಾಳೆ ತರೋಣ ಬಾರೋ ಅಂದೆ. ನಾಳೆ ಬೆಳಿಗ್ಗೆ ಅವಳು ಏಳೋವಾಗ ಕೈಯಲ್ಲಿರಬೇಕು ಅಂದ. ಅಷ್ಟರಲ್ಲಿ ತೆರೆ ಎದ್ದಿತು." ಮಾಲಕಿ ಕಿಟಕಿಯತ್ತ ನೋಡಿದ. "ವಿಚಾರಣೇಲಿ ಹೇಳಿದ್ರೆ ಪೇಪರಿಗೆ ಬರ್ತಿತ್ತು. ಆ ಮಗು ದೊಡ್ಡದಾಗಿ ಓದಿಕೊಳ್ಳೋದು, ನನ್ನ ಉಡುಗೊರೆಗೋಸ್ಕರ ಅಪ್ಪ ಸತ್ತ ಅಂತ. ಅದಕ್ಕಿಂತ ನೀವೆಲ್ಲ ನನ್ನ ಬೈಕೊಂಡಿರೋದೇ ವಾಸಿ ಅನ್ನಿಸ್ತು."

ಡೆರ್ವ್ಲಾ ಆ ಮುರಿದ ಕೈಯ ಮೇಲೆ ಹಣೆಯಿಟ್ಟಳು.

"ಏಳಮ್ಮ. ಆ ಬಂಡೆ ಮತ್ತೆ ನೋಡಲ್ಲ ಅಂದ್ಕೊಂಡಿದ್ದೆ. ಬರ್ತೀನಿ. ಕಡಲು ಬಿಟ್ಟರೆ ನಾಳೇನೇ ಹೋಗೋಣ."

ಕಡಲು ಬಿಡಲಿಲ್ಲ. ಆರನೆಯ ದಿನ ಬಡಗಲಿಂದ ಗಾಳಿ ಎದ್ದು, ಧಕ್ಕೆಯ ಮೇಲೆಲ್ಲ ನೊರೆ ಹಾರಿತು. ಅವತ್ತು ಬೆಳಿಗ್ಗೆ ಮೆಟ್ಟಿಲಿಳಿದು ಬಂದ ಡೆರ್ವ್ಲಾಳನ್ನು ಕಂಡು ಹನೋರಾ ಪೊರಕೆ ಎತ್ತಿಕೊಂಡಳು. "ಯಾರೇ ನೀನು? ನನ್ನ ಮಾಳಿಗೆಯಲ್ಲಿ ಏನು ಮಾಡ್ತಿದ್ದೆ? ಮಗು ಹತ್ತಿರ ಬಂದ್ರೆ ಪೊಲೀಸರನ್ನ ಕರೀತೀನಿ!" ದಾರಿ ಹೇಳಿಕೊಟ್ಟವಳಿಗೇ ದಾರಿ ಮರೆತಿತ್ತು. ಉನಾಳ ತಾಯಿ ಎಲ್ಲೋ ಹೋಗಿದ್ದಾಳೆ, ಬರುವ ತನಕ ಮಗುವನ್ನು ಕಾಯಬೇಕು ಎಂದಷ್ಟೇ ಅವಳ ತಲೆಯಲ್ಲಿ ಉಳಿದಿತ್ತು.

ಡೆರ್ವ್ಲಾ ಮಾಲಕಿಯ ದೋಣಿಕೊಟ್ಟಿಗೆಯಲ್ಲಿ ಡಾಂಬರು, ಡೀಸೆಲ್ ವಾಸನೆಯ ಬಲೆಗಳ ಮೇಲೆ ಮಲಗಿದಳು. ಜಗತ್ತಿನಲ್ಲಿ ಅವಳ ಗುರುತು ಎಂದೂ ಮರೆಯದವನು ಒಬ್ಬನೇ, ಅವಳು ಶಪಿಸಿದವನು. ಮಧ್ಯಾಹ್ನ ಹನೋರಾ ಒರಗಿದ ಹೊತ್ತಿಗೆ ಉನಾ ಹಿತ್ತಿಲಗೋಡೆಯ ಬಳಿ ಓಡಿಬರುತ್ತಿದ್ದಳು.

"ಅಜ್ಜಿ ಯಾಕಮ್ಮಾ ನಿನ್ನ ಒಳಗೆ ಬಿಡ್ತಿಲ್ಲ?"

"ಆಟ ಬಂಗಾರ. ಅಜ್ಜಿ ಜೊತೆ ಕಣ್ಣಾಮುಚ್ಚಾಲೆ."

"ಯಾರು ಗೆಲ್ತಿದಾರೆ?"

ಡೆರ್ವ್ಲಾ ಮಗಳ ಕೂದಲು ಮೂಸಿದಳು. ಏಳನೆಯ ದಿನ ಮದುವೆ ಮಾಡಿಸಿದ ಪಾದ್ರಿ, ಎಂಟನೆಯ ದಿನ ಫಿಂಟನ್ನನ ಅಪ್ಪ. ಫೋನು ಮಾಡುವಾಗಲೇ ಉತ್ತರ ಅವಳಿಗೆ ಗೊತ್ತಿರುತ್ತಿತ್ತು. ಆದರೂ ಮಾಡುತ್ತಿದ್ದಳು.

ಒಂಬತ್ತನೆಯ ದಿನ ಸಂಜೆ ಐದರ ಹೊತ್ತಿಗೆ ಗಾಳಿ ಸ್ವಲ್ಪ ತಗ್ಗಿತು; ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ. "ಇದು ಹೋಗೋ ಕಡಲಲ್ಲ," ಎಂದ ಮಾಲಕಿ ದೋಣಿಯನ್ನು ನೀರಿಗೆ ನೂಕುತ್ತ. "ಆದ್ರೆ ಹೋಗೋಣ."

ಎರಡು ಗಂಟೆಯ ದಾರಿ ನಾಲ್ಕು ಗಂಟೆ ಹಿಡಿಯಿತು. ಬಂಡೆಗೆ ಹಾರುವಾಗ ಡೆರ್ವ್ಲಾಳ ಮೊಣಕಾಲು ತರಚಿತು. ಮಾಲಕಿ ಹಲ್ಲಿನಲ್ಲಿ ಹಗ್ಗ ಕಚ್ಚಿ ಹಾರಿ, ದೋಣಿ ಬಿಗಿದ. ಇಬ್ಬರೂ ನೆಲ ಹಿಡಿದು ಹತ್ತಿದರು. ಮಠದೊಳಗೆ ಆಗಲೇ ಮಬ್ಬು. ಮಂಜು ಗೋಡೆ ಹತ್ತಿ ಒಳಗಿಳಿಯುತ್ತಿತ್ತು. ಪಡುವಣದ ಸೀಳುಕಿಟಕಿಯಲ್ಲಿ ಮಾತ್ರ ಕೆಂಪು ಗೆರೆ.

ಮಾಲಕಿ ಪೀಠದ ಮುಂದೆ ಮಂಡಿಯೂರಿದ. "ನನಗೆ ಇವಳ ಮೇಲೆ ಏನೂ ಇಲ್ಲ," ಎಂದು ಕಲ್ಲಿಗೆ ಹೇಳಿದ, ನೆರೆಯವನಿಗೆ ಹೇಳುವಂತೆ. ಎಡಗೈಯಿಂದ ಮೊದಲ ಕಲ್ಲನ್ನು ಬಲಕ್ಕೆ ಹೊರಳಿಸಿದ.

ಕಲ್ಲು ಬಿಗಿಯಾಗಿತ್ತು. ತಿರುಗಿತು. ಎರಡನೆಯದು ಇನ್ನೂ ಬಿಗಿ. ನಾಲ್ಕಾಯಿತು. ಐದು. ಅವನ ಉಗುರಿನಿಂದ ರಕ್ತ ಬಂತು. ಆರನೆಯದಕ್ಕೆ ಭುಜ ಕೊಟ್ಟ. ಏಳು. ಮಂಜಿನಲ್ಲಿ ಯಾರೋ ಉಸಿರಾಡುತ್ತಿದ್ದರು. ಅವನೂ ಅಲ್ಲ, ಅವಳೂ ಅಲ್ಲ. ಒದ್ದೆ ಕೂದಲಿನ ವಾಸನೆ. ಎಂಟು.

ಒಂಬತ್ತನೆಯ ಕಲ್ಲು ಅಲುಗಲಿಲ್ಲ.

ಎಡಗೈ ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು. ಸೊಟ್ಟಗಾದ ಬಲಗೈಯನ್ನೂ ಕೊಟ್ಟ. ನೋವಿಗೆ ಮುಲುಗಿದ. ಕಿಟಕಿಯ ಕೆಂಪು ಗೆರೆ ಬೆರಳಷ್ಟಾಯಿತು. ಕಡ್ಡಿಯಷ್ಟಾಯಿತು.

"ಮಾಲಕಿ, ಬೇಗ!"

"ಆಗ್ತಿದೆ... ಆಗ್ತಿದೆ ಇರು..."

ಕಲ್ಲು ಕಾಲುಭಾಗ ತಿರುಗಿತು. ನಿಂತಿತು. ಅರ್ಧ ತಿರುಗಿತು. ಗೆರೆ ನೂಲಿನಷ್ಟಾಯಿತು. ಅವನ ಕೈ ಮತ್ತೆ ಜಾರಿತು. ಉನಾ. ಕಾಯುತ್ತಿರುವ ಉನಾ. ಇನ್ನೊಂದು ಉಸಿರಿನಲ್ಲಿ ಸೂರ್ಯ ಹೋಗುತ್ತಾನೆ. ಒಂದು ಬೆರಳಿನ ಬಲ ಸಾಕು. ಒಂದೇ ಬೆರಳು. ತಾಯಿಯಾದವಳು ಹೇಗೆ ಕೈಕಟ್ಟಿ ನೋಡಲಿ?

ಅವಳು ಕೈ ಹಾಕಿದಳು.

ಕಲ್ಲು ಬೆಚ್ಚಗಿತ್ತು. ಕಚಕ್ ಎಂದು ನಿಂತಿತು, ಬೀಗ ಬಿದ್ದಂತೆ.

"ಯಾಕಮ್ಮಾ ಮುಟ್ಟಿದೆ?" ಮಾಲಕಿಯ ದನಿ ಒಡೆಯಿತು. "ಬಂದ್ಬಿಟ್ಟಿತ್ತು. ಇನ್ನೊಂದು ಎಳೆತ ಇತ್ತು ಅಷ್ಟೇ. ಯಾಕಮ್ಮಾ..."

ಕಿಟಕಿಯಲ್ಲಿ ಗೆರೆ ಇನ್ನೂ ಇತ್ತು. ನಿಧಾನವಾಗಿ, ಅವಳು ನೋಡುತ್ತಿದ್ದಂತೆ, ಹೋಯಿತು.

ಬೇಸಿಗೆಯ ಉದ್ದ ಸಂಜೆಯ ಬೆಳಕಲ್ಲಿ ದೋಣಿ ಅರ್ಧದಾರಿ ಬಂದಿದ್ದಾಗ ಅವಳ ಜೇಬಿನ ಫೋನು ಬಡಿದುಕೊಂಡಿತು. ತಾಯಿ. "ಎಲ್ಲಿದ್ದೀಯೇ ಡೆರ್ವ್ಲಾ? ವಾರದಿಂದ ಸುದ್ದಿ ಇಲ್ಲ, ಯಾವಳೋ ನಿನ್ನ ಫೋನಿಂದ ಏನೇನೋ ಮಾತಾಡ್ತಿದ್ಲು..." ಆಮೇಲೆ ಅಕ್ಕ. ಎಂಟು ಜನ ಮರಳಿದ್ದರು. ಧಕ್ಕೆಯಲ್ಲಿ ಹನೋರಾ ಲಾಂದ್ರ ಹಿಡಿದು, "ಬಂದ್ಯಾ ಮಗಳೇ!" ಎಂದು ಅಳುತ್ತ ನಿಂತಿದ್ದಳು. ಅವಳ ಪಕ್ಕದಲ್ಲಿ ಉನಾ.

ಡೆರ್ವ್ಲಾ ಓಡಿದಳು. ಮಗಳು ಹೆಜ್ಜೆ ಹಿಂದಿಟ್ಟು ಹನೋರಾಳ ಬೆನ್ನಿಗೆ ಅವಿತಳು. ಹಿಂದಿನಿಂದ ಖಾಲಿ ದೋಣಿಯತ್ತ ಇಣುಕಿದಳು.

"ಅಜ್ಜಿ, ಇವರ ಜೊತೆ ಅಮ್ಮ ಬರ್ಲಿಲ್ವಾ?"

ಆಮೇಲೆ ಎಲ್ಲರೂ ಹೇಳಿ ನೋಡಿದರು. ಡಬ್ಲಿನ್ನಿನಿಂದ ತಾಯಿ ಬಂದು ಹೇಳಿದಳು, ಫೋಟೋ ತೋರಿಸಿದಳು. ಮಗು ಫೋಟೋವನ್ನು ಎದೆಗವಚಿಕೊಂಡು, "ಇದು ನನ್ನ ಅಮ್ಮ," ಎನ್ನುತ್ತಿತ್ತು. ಎದುರಿಗಿದ್ದವಳನ್ನು ತೋರಿಸಿದರೆ ಹೆದರಿ ಚೀರುತ್ತಿತ್ತು, ಅನ್ನ ಬಿಡುತ್ತಿತ್ತು. ಊರು ಬಿಟ್ಟು ಕರೆದೊಯ್ಯಲು ಹೋದರೆ, ಅಮ್ಮ ಬಂದಾಗ ನಾನಿರಬೇಕು ಎಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿತ್ತು. ಕೊನೆಗೆ ಹನೋರಾ, "ಬಿಡಿ, ಹಿಂಸೆ ಮಾಡಬೇಡಿ," ಎಂದಳು. ಡೆರ್ವ್ಲಾ ಡಬ್ಲಿನ್ನಿನ ಕೆಲಸ ಬಿಟ್ಟಳು. ಮಗಳು ಮಲಗುವ ಕೋಣೆಯ ಪಕ್ಕದ ಕೋಣೆಗೆ ಬಾಡಿಗೆಯವಳಾಗಿ ಬಂದಳು.

ಆಗಸ್ಟಿನ ಒಂದು ಸಂಜೆ ಅವಳು ಧಕ್ಕೆಯ ಮೇಲೆ, ಉನಾಳಿಂದ ಒಂದು ಮಾರು ದೂರದಲ್ಲಿ ಕೂತಿದ್ದಳು. ಅಷ್ಟು ಹತ್ತಿರ ಕೂರಲು ಬಿಡುವುದಕ್ಕೆ ಮಗುವಿಗೆ ಎರಡು ತಿಂಗಳು ಬೇಕಾಗಿತ್ತು.

"ನೀವೂ ಯಾರಿಗಾದ್ರೂ ಕಾಯ್ತಿದೀರಾ ಆಂಟಿ?"

"ಹೂಂ. ನನ್ನ ಮಗಳಿಗೆ."

"ಅವಳು ತುಂಬ ದೂರ ಹೋಗಿದಾಳಾ?"

"ತುಂಬ."

ಉನಾ ಸರಿದು ಬಂದು, ತನ್ನ ಪುಟ್ಟ ಕೈಯನ್ನು ಅವಳ ಕೈಮೇಲಿಟ್ಟಳು. "ಅಳಬೇಡಿ. ನನ್ನ ಅಮ್ಮ ಅಲ್ಲೇ ಎಲ್ಲೋ ಇದಾಳೆ. ನಿಮ್ಮ ಮಗಳು ಸಿಕ್ಕಿದ್ರೆ ಚೆನ್ನಾಗಿ ನೋಡ್ಕೋತಾಳೆ. ಅಮ್ಮ ತುಂಬ ಒಳ್ಳೇವಳು."

ಡೆರ್ವ್ಲಾ ಹೂಂ ಎಂದಳು. ಅಲುಗಿದರೆ ಆ ಕೈ ಎಲ್ಲಿ ಹೋಗಿಬಿಡುತ್ತದೋ ಎಂದು, ನೀರೂ ಆಕಾಶವೂ ಒಂದಾಗುವವರೆಗೆ ಅವಳು ಅಲುಗದೆ ಕೂತಳು.